ಜೋಳಿಗೆ ಊರಿಗೆ ಬಂದಾಗ



ಶ್ರಾವಣ ಬಂದಿತೆಂದರೆ ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಸೀಮೆಯ ಹಳ್ಳಿಗಳಿಗೆ ಪಾದಯಾತ್ರೆಗಳು ಬರುವ ಕಾಲ. ಕೆಲವು ಮಠಗಳವರು ತಮ್ಮ ಜಾತ್ರೆಗೆ ಮುಂಚೆ ಹೊರಡುವುದೂ ಉಂಟು. ಮುಂದೆ ಹೆಗಲಿಗೆ ಕಾವಿಯ ಜೋಳಿಗೆ ಹಾಕಿದ ಸ್ವಾಮಿಗಳು. ಹಿಂದೆ ಭಜನಾ ಮೇಳ, ಶಾಲೆಯ ಹುಡುಗರು, ಊರ ಹಿರಿಯರು. ನಿಮ್ಮ ಮನೆಯ ಹೆಣ್ಣುಮಗಳು ಮರದಲ್ಲಿ ಜೋಳ ತುಂಬಿಕೊಂಡು ಬಾಗಿಲಿಗೆ ಬಂದರೆ, "ಕಾಳು ಬ್ಯಾಡ ತಾಯಿ, ಮನ್ಯಾಗ ಚಟಾ ಇದ್ದರ ಅದನ್ನ ಹಾಕು" ಎನ್ನುತ್ತಾರೆ. ಬೀಡಿ ಕಟ್ಟು, ತಂಬಾಕಿನ ಚೀಟಿ, ಸಾರಾಯಿಯ ಪೊಟ್ಟಣ ಜೋಳಿಗೆಗೆ ಬೀಳುತ್ತವೆ. ಇದು ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಹಿಡಿದ ಜೋಳಿಗೆಯ ಪದ್ಧತಿ. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಇಂಥದೊಂದು ನಡಿಗೆಯ ಜೊತೆ ನಾನು ನಾಲ್ಕು ದಿನ ಇದ್ದೆ. ಅದರ ದಿನಚರಿಯನ್ನು ಮೊದಲು ಹೇಳುತ್ತೇನೆ. ದೂರದಿಂದ ನೋಡುವವರಿಗೆ ಹೂಮಾಲೆ, ಡೊಳ್ಳು ಮಾತ್ರ ಕಾಣುತ್ತವೆ.

ನಸುಕಿನ ನಾಲ್ಕಕ್ಕೆ ಏಳಬೇಕು. ಮಲಗಿದ್ದು ಶಾಲೆಯ ಪಡಸಾಲೆಯಲ್ಲಿ ಇಲ್ಲವೆ ಗುಡಿಯ ಕಟ್ಟೆಯ ಮೇಲೆ. ಸ್ನಾನಕ್ಕೆ ಬೋರಿನ ನೀರು. ಪೂಜೆ, ಪ್ರಾರ್ಥನೆ ಮುಗಿಸಿ ಬೆಳಕು ಹರಿಯುವ ಮುನ್ನ ಹಾದಿ ಹಿಡಿಯುತ್ತಾರೆ. ಅವಸರಕ್ಕೆ ಕಾರಣವಿದೆ. ಎಂಟು ಗಂಟೆ ದಾಟಿತೆಂದರೆ ನೀವು ಹೊಲದಲ್ಲಿರುತ್ತೀರಿ. ಶ್ರಾವಣವೆಂದರೆ ಗೋವಿನಜೋಳಕ್ಕೆ ಮೇಲುಗೊಬ್ಬರ ಕೊಡುವ, ಹತ್ತಿಯಲ್ಲಿ ಎಡೆ ಹೊಡೆಯುವ, ಹಾನಗಲ್ಲ ಕಡೆ ಕೂರಿಗೆ ಬತ್ತದಲ್ಲಿ ಕಳೆ ತೆಗೆಯುವ ಕಾಲ. ಊರಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಚಟವಿದ್ದ ಗಂಡಸು ಸಿಗಬೇಕಾದರೆ ಅವನು ಎತ್ತು ಹೂಡುವ ಮೊದಲೇ ಅಗಸಿ ಮುಟ್ಟಬೇಕು.

ಮಳೆಯಲ್ಲಿ ಸವಣೂರ ಕಡೆಯ ಎರಿ ಮಣ್ಣು ಹೇಗೆಂದು ನಿಮಗೆ ಹೇಳಬೇಕಿಲ್ಲ. ಒಂದು ಹರದಾರಿ ನಡೆಯುವುದರಲ್ಲಿ ಕಾಲಿಗೆ ಎರಡೆರಡು ಸೇರು ಮಣ್ಣು ಹತ್ತುತ್ತದೆ; ಚಪ್ಪಲಿ ಕೈಯಲ್ಲಿ ಹಿಡಿಯಬೇಕಾಗುತ್ತದೆ. ಮಸಾರಿ ನೆಲಕ್ಕೆ ಬಂದರೆ ಹರಳು ಚುಚ್ಚುತ್ತವೆ. ಎರಡನೆಯ ದಿನಕ್ಕೆ ನನ್ನ ಅಂಗಾಲಿನಲ್ಲಿ ಬೊಕ್ಕೆ ಎದ್ದವು. ಹಿರಿಯರೊಬ್ಬರು ಕೊಬ್ಬರಿ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, "ಗಾಡಿ ಹತ್ತತೀರೇನ್ರಿ?" ಎಂದು ಕೇಳಿದರು. ನಾಚಿಕೆಯಾಗಿ ನಡೆದೆ.

ಅಗಸಿಯಲ್ಲಿ ಡೊಳ್ಳು, ಕುಂಭ, ಆರತಿ. ಆಮೇಲೆ ಓಣಿ ಓಣಿ ಸುತ್ತುವುದು, ಕೇರಿಯನ್ನು ಬಿಡುವಂತಿಲ್ಲ. ಮಧ್ಯಾಹ್ನ ಪ್ರಸಾದ, ಒಂದು ತಾಸು ವಿಶ್ರಾಂತಿ, ಶಾಲೆಯಲ್ಲಿ ಮಕ್ಕಳಿಗೆ ನಾಲ್ಕು ಮಾತು. ಸಂಜೆ ಮತ್ತೊಂದು ಊರು. ರಾತ್ರಿ ಭಜನೆ, ಪ್ರವಚನ. ಹೀಗೆ ದಿನಕ್ಕೆ ಎರಡು ಊರು, ಕೆಲವೊಮ್ಮೆ ಮೂರು.

ಮೂರನೆಯ ದಿನ ಒಂದು ಊರಲ್ಲಿ ನಡೆದದ್ದನ್ನು ನಾನು ಮರೆತಿಲ್ಲ. ನಡುವಯಸ್ಸಿನ ರೈತನೊಬ್ಬ ಸಾರಾಯಿಯ ಪೊಟ್ಟಣವನ್ನು ಜೋಳಿಗೆಗೆ ಹಾಕಿ ಅಡ್ಡಬಿದ್ದ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಹೊಸ್ತಿಲ ಒಳಗೆ ನಿಂತಿದ್ದ ಅವನ ಹೆಂಡತಿ ಮಾತ್ರ ಸೆರಗು ಬಾಯಿಗೆ ಹಿಡಿದು, "ಹ್ವಾದ ವರ್ಷಾನೂ ಇದ ಜೋಳಿಗ್ಯಾಗ ಹಾಕಿದ್ರಿ, ಅಜ್ಜಾರ" ಎಂದಳು. ಸ್ವಾಮಿಗಳು ಉತ್ತರ ಕೊಡಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕುಳಿತು ಅವನನ್ನು ಹತ್ತಿರ ಕರೆದು, ಹೋದ ವರ್ಷ ಎಷ್ಟು ದಿನ ಬಿಟ್ಟಿದ್ದೆ ಎಂದು ಕೇಳಿದರು. "ಎರಡ ದಿನಾರಿ. ಮೂರನೇ ದಿನ ಕೈ ನಡುಗಾಕ ಹತ್ತಿದುವು, ನಿದ್ದಿ ಇಲ್ಲ, ಗ್ವಾಡಿ ಮ್ಯಾಲ ಇರಿವಿ ಹರಿದಾಡಿದಂಗ ಕಾಣತಿದ್ದುವು. ಮನ್ಯಾಗ ಗಾಳಿ ಬಡದೈತಿ ಅಂದ್ರು. ಗೆಳ್ಯಾರು ಒಂದೀಟು ಕುಡಿಸಿದ್ರು, ಕಡಿಮಿ ಆತು."

ಬಾಂಧವರೇ, ಇದು ಗಾಳಿಯಲ್ಲ, ಆಣೆಯ ಶಾಪವೂ ಅಲ್ಲ. ವರ್ಷಾನುಗಟ್ಟಲೆ ದಿನಾಲೂ ಕುಡಿದ ದೇಹಕ್ಕೆ ಒಮ್ಮೆಲೆ ಮದ್ಯ ನಿಂತರೆ ಮೊದಲ ದಿನದಿಂದಲೇ ನಡುಕ, ಬೆವರು, ವಾಂತಿ, ನಿದ್ದೆಗೇಡು ಶುರುವಾಗುತ್ತವೆ. ಕೆಲವರಿಗೆ ಎರಡು ದಿನಗಳೊಳಗೆ ಮೂರ್ಛೆ, ಎರಡರಿಂದ ನಾಲ್ಕು ದಿನಗಳಲ್ಲಿ ಭ್ರಮೆ ಬರಬಹುದು. ಜೀವಕ್ಕೇ ಅಪಾಯವಾಗಬಹುದು. ಇದಕ್ಕೆ ಔಷಧವಿದೆ. ಬಿಡುವ ಮೊದಲೇ ತಾಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಿಸಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2022ರಿಂದ ಸರಕಾರದ ಟೆಲಿ ಮಾನಸ ಸಹಾಯವಾಣಿಯೂ ಇದೆ: 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಹಣ ಬೀಳುವುದಿಲ್ಲ. ಈ ಸಂಖ್ಯೆಯನ್ನು ವಾಚನಾಲಯದ ಗೋಡೆಯ ಮೇಲೆ ಬರೆದಿಡಿರಿ. ಬೀಡಿ, ತಂಬಾಕು ಬಿಟ್ಟವನಿಗೆ ಸಿಡುಕು, ಚಡಪಡಿಕೆ ಆಗುತ್ತವೆಯೇ ಹೊರತು ಇಂಥ ಅಪಾಯವಿಲ್ಲ.

ಅಂದು ಸ್ವಾಮಿಗಳು ಪ್ರವಚನವನ್ನು ಮೊಟಕುಗೊಳಿಸಿ, ಅವನ ತಮ್ಮನನ್ನು ಜೊತೆ ಮಾಡಿ, ಮಧ್ಯಾಹ್ನದ ಬಸ್ಸಿಗೆ ಆಸ್ಪತ್ರೆಗೆ ಕಳಿಸಿದರು. ಆ ನಾಲ್ಕು ದಿನಗಳಲ್ಲಿ ನಾನು ಕಂಡ ದೊಡ್ಡ ಸೇವೆ ಅದೇ.

ನಮ್ಮ ಸೀಮೆಗೆ ಜೋಳಿಗೆ ಹೊಸದಲ್ಲ. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಊರೂರು ಸುತ್ತಿ, ಭಕ್ತರು ಕೊಟ್ಟದ್ದರಲ್ಲಿ 1909ರಲ್ಲಿ ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಕಟ್ಟಿದರು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಹುಟ್ಟುಕುರುಡ ಹುಡುಗ ಗದಿಗೆಯ್ಯನನ್ನು ಸಾಕಿ ಸಂಗೀತ ಕಲಿಸಿದವರೂ ಅವರೇ. ಅವನೇ ಮುಂದೆ ಪಂಚಾಕ್ಷರಿ ಗವಾಯಿಗಳಾದನು. ಗವಾಯಿಗಳು ಕುರುಡ ಮಕ್ಕಳನ್ನು ಕೂಡಿಸಿಕೊಂಡು, ಒಂದು ಊರಿಂದ ಇನ್ನೊಂದು ಊರಿಗೆ ಪಾಠಶಾಲೆಯನ್ನೇ ಸಾಗಿಸಿಕೊಂಡು ತಿರುಗಿದರು. ನಿಮ್ಮ ಅಜ್ಜ ಮುತ್ತಜ್ಜರು ಕೊಟ್ಟ ಕಾಳಿನಲ್ಲಿ ಆ ಮಕ್ಕಳು ಉಂಡು ಕಲಿತರು. 1944ರಲ್ಲಿ ಗವಾಯಿಗಳು ತೀರಿಕೊಳ್ಳುವ ಹೊತ್ತಿಗೆ ಶಾಲೆ ಗದಗಿನಲ್ಲಿ ನೆಲೆ ಕಂಡಿತ್ತು. ಕಣ್ಣಿಲ್ಲದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು.

ಕಾಳಿನ ಭಿಕ್ಷೆಗೆ ಒಂದು ಅನುಕೂಲವಿತ್ತು: ಕೊಟ್ಟ ಕಾಳು ಮರಳಿ ಮನೆಗೆ ಬರುತ್ತಿರಲಿಲ್ಲ. ಮಾತಿನ ಭಿಕ್ಷೆ ಹಾಗಲ್ಲ. ವಿನೋಬಾ ಭಾವೆಯವರ ಭೂದಾನವನ್ನೇ ನೋಡಿರಿ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ಶುರುವಾದ ಆ ನಡಿಗೆ 1957-58ರಲ್ಲಿ ಕರ್ನಾಟಕಕ್ಕೂ ಬಂದಿತು. ಅವರೂ ನಸುಕಿನಲ್ಲಿ ಕಂದೀಲು ಹಿಡಿದು ಹೊರಟು, ಹತ್ತು ಹನ್ನೆರಡು ಮೈಲಿ ನಡೆಯುತ್ತಿದ್ದರು. ದೇಶದಲ್ಲಿ ಒಟ್ಟು 40 ಲಕ್ಷ ಎಕರೆಗೂ ಹೆಚ್ಚು ದಾನಪತ್ರ ಬಂದವು. ಭೂಮಿ ಇಲ್ಲದವನ ಕೈಗೆ ಮುಟ್ಟಿದ್ದು ಸುಮಾರು ಮೂರರಲ್ಲಿ ಒಂದು ಪಾಲು. ಕೆಲವು ಬರಡು ನೆಲ, ಕೆಲವು ತಕರಾರಿನವು, ಕೆಲವಕ್ಕೆ ಕೊಟ್ಟವರ ಮಕ್ಕಳೇ ಒಪ್ಪಲಿಲ್ಲ. ನಡೆದವರು ಮುಂದಿನ ಊರಿಗೆ ಹೋದ ಮೇಲೆ ಹಿಂದೆ ನಿಂತು ನೋಡುವವರು ಸಾಕಷ್ಟಿರಲಿಲ್ಲ.

ಜೋಳಿಗೆಯ ಮಾತಿಗೂ ಇದೇ ತೊಡಕು. ಸ್ವಾಮಿಗಳು ಮರುದಿನ ನಸುಕಿನಲ್ಲಿ ಹೋಗಿಬಿಡುತ್ತಾರೆ. ಅಂಗಡಿ ಊರಲ್ಲೇ ಇರುತ್ತದೆ. 2007ರ ಜುಲೈ 1ರಂದು ಸಾರಾಯಿ ಬಂದಾಯಿತು. ಆದರೆ ಹಳ್ಳಿಯಲ್ಲಿ ಅದೇ ಹೆಸರಿನಿಂದ ಕರೆಯುವ ಅಗ್ಗದ ಮದ್ಯದ ಪೊಟ್ಟಣ ಕಿರಾಣಿ ಅಂಗಡಿಯ ಹಿಂಬದಿಯಲ್ಲೂ ಸಿಗುತ್ತದೆಂದು ಹೆಣ್ಣುಮಕ್ಕಳು ಪ್ರತಿ ಊರಲ್ಲೂ ದೂರಿದರು. ದಿನಕ್ಕೆ 100 ರೂಪಾಯಿ ಕುಡಿಯುವವನು ವರ್ಷಕ್ಕೆ 36,500 ರೂಪಾಯಿ ಕಳೆಯುತ್ತಾನೆ. 2025ರ ದರದಲ್ಲಿ, ಅಂದರೆ ಚೀಲಕ್ಕೆ 1350 ರೂಪಾಯಿಯಂತೆ, ಅದು 27 ಚೀಲ ಡಿಎಪಿ. ಎರಡು ಎಕರೆಯವನಿಗೆ ಅಷ್ಟು ಗೊಬ್ಬರ ಬೇಕಾಗುವುದೇ ಇಲ್ಲ.

ಇನ್ನೊಂದು ಮಾತು. ಪಾದಯಾತ್ರೆ ಬರುತ್ತದೆಂದು ಬ್ಯಾನರು, ಪಟಾಕಿ, ಐದು ಬಗೆಯ ಸಿಹಿಗೆ ಪಟ್ಟಿ ಎತ್ತುವ ಊರುಗಳನ್ನು ಕಂಡೆ. ನಡೆದು ಬಂದವನಿಗೆ ಬೇಕಾದದ್ದು ಜೋಳದ ರೊಟ್ಟಿ, ಝುಣಕ, ಒಂದು ಚರಿಗೆ ಮಜ್ಜಿಗೆ, ಕಾಲಿಗೆ ಬಿಸಿನೀರು. ಪಟ್ಟಿ ಎತ್ತಿದ ಹಣವನ್ನು ಬೇರೆಯಾಗಿ ಇಟ್ಟು, ಬಿಟ್ಟವರನ್ನು ಆಸ್ಪತ್ರೆಗೆ ಕರೆದೊಯ್ಯುವ ಬಸ್ ಚಾರ್ಜಿಗೆ ಬಳಸಬಹುದಲ್ಲವೆ?

ಒಂದು ಊರಿನವರು ಹಾಗೆಯೇ ಮಾಡಿದ್ದರು. ಅಲ್ಲಿ ಭಜನಾ ಮೇಳದವರು ಒಂದು ನೋಟಬುಕ್ಕು ಇಟ್ಟಿದ್ದಾರೆ. ಬಿಟ್ಟವನ ಹೆಸರು, ತಾರೀಖು, ಅವನ ಮೇಲೆ ಕಣ್ಣಿಡುವ ನೆರೆಯವನ ಹೆಸರು. ಸೋಮವಾರದ ಭಜನೆಗೆ ಅದನ್ನು ತೆರೆಯುತ್ತಾರೆ, ಗಟ್ಟಿಯಾಗಿ ಓದುವುದಿಲ್ಲ. ಬಾರದವನ ಮನೆಗೆ ಮರುದಿನ ಇಬ್ಬರು ಹೋಗುತ್ತಾರೆ. ಮತ್ತೆ ಕುಡಿದಿದ್ದರೆ ಬೈಯುವುದಿಲ್ಲ, ಹೊಸ ತಾರೀಖು ಬರೆದುಕೊಳ್ಳುತ್ತಾರೆ. ನಾನು ನೋಡಿದಾಗ ಒಬ್ಬನ ಹೆಸರಿನ ಮುಂದೆ ಐದು ತಾರೀಖುಗಳಿದ್ದವು. ಐದನೆಯದಕ್ಕೆ ಹದಿನಾಲ್ಕು ತಿಂಗಳು ತುಂಬಿತ್ತು. ಅಂದು ನಮಗೆ ರೊಟ್ಟಿ ಬಡಿಸಿದವನು ಅವನೇ.