ಹುಲ್ಲು ಕತ್ತರಿಸುವ ಎಂಜಿನ್ ಕಟ್ಟಿಕೊಟ್ಟ ಉದ್ಯಮ

ಬಾಗಿಲಿಲ್ಲ, ಛಾವಣಿಯಿಲ್ಲ, ಸ್ಪ್ರಿಂಗ್ ಕೂಡ ಇಲ್ಲ. ನಾಲ್ಕು ಪುಟ್ಟ ಚಕ್ರ, ಕೊಳವೆಗಳ ಚೌಕಟ್ಟು, ಒಂದು ಸೀಟು, ಪಕ್ಕದಲ್ಲಿ ಎಂಜಿನ್. ಕೂತವರಿಗೂ ನೆಲಕ್ಕೂ ಒಂದೆರಡು ಅಂಗುಲದ ಅಂತರ ಅಷ್ಟೇ. ಮಕ್ಕಳೇ, ಇದೇ ಗೋ-ಕಾರ್ಟ್. ನಮ್ಮ ಕಾಲದಲ್ಲಿ ಹಳೇ ಬೇರಿಂಗ್ ಸಿಕ್ಕಿಸಿ ಹಲಗೆಬಂಡಿ ಮಾಡಿ ಇಳಿಜಾರಿನಲ್ಲಿ ಜಾರುತ್ತಿದ್ದೆವಲ್ಲ, ಅದಕ್ಕೆ ಎಂಜಿನ್ ಕೂಡಿಸಿದಂತೆ ಎಂದು ಅಜ್ಜಂದಿರು ತಿಳಿದುಕೊಳ್ಳಬಹುದು.

ಈ ಗಾಡಿ ಹುಟ್ಟಿದ್ದು 1956ರಲ್ಲಿ, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಆರ್ಟ್ ಇಂಗಲ್ಸ್ ಎಂಬಾತ ಕರ್ಟಿಸ್ ಕ್ರಾಫ್ಟ್ ಎಂಬ ರೇಸ್ ಕಾರು ತಯಾರಿಕೆಯ ಕಂಪನಿಯಲ್ಲಿ ಕೆಲಸಗಾರ. ಹಗಲೆಲ್ಲ ಬೇರೆಯವರಿಗಾಗಿ ರೇಸ್ ಕಾರು ಕಟ್ಟುತ್ತಿದ್ದವನು ತನ್ನ ಖುಷಿಗಾಗಿ ಒಂದು ಪುಟ್ಟ ಗಾಡಿ ಮಾಡಿದ. ಹುಲ್ಲು ಕತ್ತರಿಸುವ ಯಂತ್ರಗಳಿಗೆಂದು ತಯಾರಾಗಿ ಮಿಕ್ಕಿದ್ದ ವೆಸ್ಟ್ ಬೆಂಡ್ ಕಂಪನಿಯ ಎಂಜಿನ್ನೊಂದನ್ನು ಅದಕ್ಕೆ ಜೋಡಿಸಿದ. ಗೆಳೆಯ ಲೂ ಬೊರೆಲ್ಲಿ ಸಹಾಯಕ್ಕೆ ನಿಂತ. ಪಸಡೀನಾದ ರೋಸ್ ಬೌಲ್ ಕ್ರೀಡಾಂಗಣದ ವಾಹನ ನಿಲ್ದಾಣದ ಖಾಲಿ ಜಾಗದಲ್ಲಿ ಇಂಥ ಗಾಡಿಗಳ ಓಟ ಶುರುವಾಯಿತು. ನೋಡಲು ಬಂದವರಿಗೆಲ್ಲ ‘ನಮಗೂ ಒಂದು ಬೇಕು’ ಎನಿಸಿತು.

ಹುಚ್ಚು ಉದ್ಯಮವಾದದ್ದು ಇಲ್ಲಿಂದ ಮುಂದೆ. ಡಫಿ ಲಿವಿಂಗ್‌ಸ್ಟೋನ್ ಮತ್ತು ರಾಯ್ ಡೆಸ್‌ಬ್ರೋ ಎಂಬಿಬ್ಬರು ಕಾರುಗಳಿಗೆ ಸೈಲೆನ್ಸರ್ ಹಾಕುವ ಅಂಗಡಿ ನಡೆಸುತ್ತಿದ್ದರು. ಅವರೂ ತಮ್ಮ ಖುಷಿಗೆ ಕಾರ್ಟ್ ಕಟ್ಟಿಕೊಂಡರು. ಕೇಳುವವರು ಹೆಚ್ಚಿದರು. ಮಿಕ್ಕ ಎಂಜಿನ್‌ಗಳನ್ನು ಹುಡುಕಿ ತರಬಲ್ಲ ಬಿಲ್ ರೋಲ್ಸ್ ಜೊತೆಗೂಡಿದ. ಹೀಗೆ ಮೂವರೂ ಸೇರಿ ಗೋ ಕಾರ್ಟ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಕಟ್ಟಿದರು. 1958ರಲ್ಲಿ ಕಾರ್ಟ್ ತಯಾರಿಸಿ ಮಾರಲು ಹೊರಟ ಮೊದಲ ಕಂಪನಿ ಅದು.

ಬಿ.ಕಾಂ. ಓದಿ ಬ್ಯಾಂಕಿನ ಲೆಡ್ಜರ್ ಬರೆಯುತ್ತ ಬದುಕು ಕಳೆದ ನನಗೆ ಈ ಕಥೆಯಲ್ಲಿ ಹಿಡಿಸಿದ್ದು ವೇಗವಲ್ಲ, ಲೆಕ್ಕ. ಸೈಲೆನ್ಸರ್ ಅಂಗಡಿಯಲ್ಲಿ ಕೊಳವೆ ಬಗ್ಗಿಸಿ ಬೆಸೆಯುವುದೇ ಕೆಲಸ. ಕಾರ್ಟಿನ ಚೌಕಟ್ಟೂ ಕೊಳವೆಯದೇ! ಹೊಸ ಕೌಶಲ ಕಲಿಯಬೇಕಿರಲಿಲ್ಲ. ಬೇರೆಯವರಿಗೆ ಬೇಡವಾದ ಎಂಜಿನ್ ಇವರಿಗೆ ಬಂಡವಾಳವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಸರಕಿಗಿಂತ ಮೊದಲೇ ಗಿರಾಕಿ ಬಂದಿದ್ದ. ಸಾಲದ ಅರ್ಜಿ ಹಿಡಿದು ಬಂದವರಲ್ಲಿ ಎಷ್ಟೋ ಜನ ಇದನ್ನೇ ತಿರುವುಮುರುವು ಮಾಡಿರುತ್ತಿದ್ದರು. ಮೊದಲು ಯಂತ್ರ, ಆಮೇಲೆ ಸರಕು, ಕೊನೆಗೆ ‘ಯಾರಿಗೆ ಮಾರೋದು ಸ್ವಾಮಿ?’ ಎಂಬ ಪ್ರಶ್ನೆ.

ಆ ಮೂವರು ಇನ್ನೊಂದು ವಿಷಯವನ್ನೂ ಅರಿತಿದ್ದರು. ಗಾಡಿ ಕೊಂಡವನಿಗೆ ಓಡಿಸಲು ಜಾಗ ಬೇಡವೇ? ಅದಕ್ಕಾಗಿ ಅಜುಸಾ ಎಂಬ ಊರಿನಲ್ಲಿ ಕಾರ್ಟ್‌ಗೆಂದೇ ಒಂದು ಓಟದ ಪಥ ಸಿದ್ಧವಾಯಿತು. ಮಿಕ್ಕ ಎಂಜಿನ್‌ಗಳು ಎಷ್ಟು ದಿನ ಸಿಕ್ಕಾವು? 1959ರಲ್ಲಿ ಮೆಕಲ್ಲಾಕ್ ಕಂಪನಿ ಮರ ಕೊಯ್ಯುವ ಗರಗಸದ ಎಂಜಿನ್ನನ್ನೇ ಮಾರ್ಪಡಿಸಿ ಕಾರ್ಟ್‌ಗಾಗಿ ಎಂಜಿನ್ ತಂದಿತು. ಒಬ್ಬನ ಖುಷಿಯಿಂದ ಹಲವರಿಗೆ ಅನ್ನ ಹುಟ್ಟಿದ್ದು ಹೀಗೆ.

ಮಕ್ಕಳಿಗೊಂದು ಒಗಟು. ಕಾರ್ಟಿನ ಹಿಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಅಚ್ಚಿಗೆ ಬಿಗಿದಿರುತ್ತವೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಹಾಗಾದರೆ ಗಾಡಿ ತಿರುಗುವುದು ಹೇಗೆ? ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರಗಳ ಓರೆಯಿಂದಾಗಿ ಒಳಬದಿಯ ಹಿಂಚಕ್ರ ನೆಲ ಬಿಟ್ಟು ತುಸು ಮೇಲೇಳುತ್ತದೆ! ಆ ಕ್ಷಣ ಗಾಡಿ ಮೂರೇ ಚಕ್ರದ ಮೇಲೆ ಓಡುತ್ತದೆ. ಚೌಕಟ್ಟಿನ ಕೊಳವೆ ಕೊಂಚ ಬಾಗುವುದೂ ಇದಕ್ಕೆ ಬೇಕು. ಇದನ್ನು ಮೈಯಲ್ಲೇ ಅರಿತವನು ಒಳ್ಳೆಯ ಚಾಲಕ. ಬ್ರೆಜಿಲ್‌ನ ಐರ್ಟನ್ ಸೆನ್ನಾಗೆ ನಾಲ್ಕನೇ ವಯಸ್ಸಿನಲ್ಲಿ ಅಪ್ಪ ಕಟ್ಟಿಕೊಟ್ಟದ್ದೂ ಹುಲ್ಲು ಕತ್ತರಿಸುವ ಎಂಜಿನ್ನಿನ ಕಾರ್ಟನ್ನೇ. ಆತ ಮುಂದೆ ಮೂರು ಬಾರಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ.

ಎಲ್ಲರೂ ಸೆನ್ನಾ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನಮ್ಮ ದೇಶದಲ್ಲಿ ರೇಸ್ ಚಾಲಕರಾಗಿದ್ದ ಅಕ್ಬರ್ ಇಬ್ರಾಹಿಂ ಮೆಕೊ ಮೋಟರ್‌ಸ್ಪೋರ್ಟ್ಸ್ ಸಂಸ್ಥೆ ಕಟ್ಟಿ ರಾಷ್ಟ್ರೀಯ ಕಾರ್ಟಿಂಗ್ ಸ್ಪರ್ಧೆಗಳನ್ನು ನಡೆಸಿದರು. ಬೆಂಗಳೂರಿನ ಮೆಕೊ ಕಾರ್ಟೋಪಿಯಾ ಪಥದಲ್ಲೂ ಅಂಥ ಸ್ಪರ್ಧೆಗಳು ನಡೆದಿವೆ. ಓಡಿಸುವವನೊಬ್ಬನಾದರೆ ಅವನ ಹಿಂದೆ ಎಂಜಿನ್ ಬಿಚ್ಚಿ ಜೋಡಿಸುವವರು, ಟಯರ್ ನೋಡುವವರು, ಸಮಯ ಅಳೆಯುವವರು, ತರಬೇತಿ ಕೊಡುವವರು, ಲೆಕ್ಕ ಬರೆಯುವವರು ಎಷ್ಟೋ ಜನ. ಬಾಡಿಗೆ ಪಥದವರಿಗಂತೂ ಮಳೆಗಾಲದಲ್ಲಿ ಗಿರಾಕಿ ಇಲ್ಲದಿದ್ದರೂ ಜಾಗದ ಬಾಡಿಗೆ, ಸಂಬಳ ತಪ್ಪುವುದಿಲ್ಲ. ಓಡಿಸುವ ಖುಷಿಯೇ ಬೇರೆ, ಓಡಿಸಲು ಕೊಟ್ಟು ಅಂಗಡಿ ನಡೆಸುವ ಜಾಣ್ಮೆಯೇ ಬೇರೆ. ಎರಡೂ ಇದ್ದವನು ಗೆಲ್ಲುತ್ತಾನೆ.

ಮೊಮ್ಮಕ್ಕಳು ಕಾರ್ಟ್ ಹತ್ತಬೇಕೆಂದರೆ ಬೇಡ ಎನ್ನಬೇಡಿ, ಜೊತೆಗೆ ಹೋಗಿ. ಹೆಲ್ಮೆಟ್ ತಲೆಗೆ ಸರಿಯಾಗಿ ಕೂತಿದೆಯೇ, ಹಿಂಬದಿಯ ಅಚ್ಚಿಗೆ ಮುಚ್ಚಳ ಇದೆಯೇ ನೋಡಿ. ಜಡೆಯನ್ನು ಸುತ್ತಿ ಬಟ್ಟೆಯೊಳಗೆ ಸೇರಿಸಿ, ದುಪಟ್ಟಾ ತೆಗೆಸಿ. ತಿರುಗುವ ಅಚ್ಚಿಗೆ ಕೂದಲು, ಬಟ್ಟೆ ಸಿಕ್ಕಿ ಪ್ರಾಣ ಹೋದ ಪ್ರಕರಣಗಳು ನಮ್ಮ ದೇಶದಲ್ಲೇ ಆಗಿವೆ. ಇಳಿದು ಬಂದ ಮೇಲೆ ಐಸ್‌ಕ್ರೀಂ ಕೊಡಿಸಿ ಒಂದು ಪ್ರಶ್ನೆ ಕೇಳಿ: ಈ ಪಥ ನಿನ್ನದೇ ಆಗಿದ್ದರೆ ಒಂದು ಸುತ್ತಿಗೆ ಎಷ್ಟು ದುಡ್ಡು ಇಡುತ್ತಿದ್ದೆ, ಯಾಕೆ? ಪೆಟ್ರೋಲ್, ಟಯರ್, ಸಂಬಳ ಎಲ್ಲ ಕಾಗದದ ಮೇಲೆ ಬರೆಯಲಿ. ಕೂಡಿಸುವ ಕೆಲಸಕ್ಕೆ ನೀವೂ ಕೈಜೋಡಿಸಿ.