ನಿಮಗಿದು ಗೊತ್ತೇ? ಶಾಲಾ ಮಕ್ಕಳ ಚರ್ಚಾಕಣದಲ್ಲಿ

◆ 2019ರ ಜುಲೈನಲ್ಲಿ ಭಾರತ ಕ್ರಿಕೆಟ್ ವಿಶ್ವಕಪ್ಪಿನ ಸೆಮಿಫೈನಲ್ ಸೋತದ್ದು ಎಲ್ಲರಿಗೂ ನೆನಪಿದೆ. ಅದೇ ವರ್ಷ ನಮ್ಮ ಶಾಲಾ ಮಕ್ಕಳು ಬ್ಯಾಂಕಾಕಿನಲ್ಲಿ ವಿಶ್ವ ಶಾಲಾ ಚರ್ಚಾ ಚಾಂಪಿಯನ್‌ಷಿಪ್ ಗೆದ್ದು ಬಂದದ್ದು ಎಷ್ಟು ಜನರಿಗೆ ಗೊತ್ತು? 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಪಂದ್ಯಾವಳಿ ಇದು. ಭಾರತದ ತಂಡವನ್ನು ಆರಿಸಿ ಸಜ್ಜುಗೊಳಿಸುವುದು ಇಂಡಿಯನ್ ಸ್ಕೂಲ್ಸ್ ಡಿಬೇಟಿಂಗ್ ಸೊಸೈಟಿ. ಜಯನಗರ, ಜೆ.ಪಿ. ನಗರದ ಹೈಸ್ಕೂಲು ಮಕ್ಕಳು ಮಾತಿನ ಬಲದಿಂದ ಏರಬಹುದಾದ ಅತಿ ಎತ್ತರದ ವೇದಿಕೆ ಇದೇ.

◆ ಆ ಪಂದ್ಯದಲ್ಲಿ ಒಂದೊಂದು ಕಡೆಗೆ ಮೂವರು ಮಾತುಗಾರರು, ತಲಾ 8 ನಿಮಿಷ. ಆಮೇಲೆ 4 ನಿಮಿಷದ ಉತ್ತರ ಭಾಷಣ. ಅದನ್ನು ಮೊದಲನೆಯವರೋ ಎರಡನೆಯವರೋ ಮಾಡಬೇಕು, ಮೂರನೆಯವರಿಗೆ ಅವಕಾಶವಿಲ್ಲ. ಉತ್ತರ ಭಾಷಣದಲ್ಲಿ ವಿರೋಧ ಪಕ್ಷವೇ ಮೊದಲು ಮಾತಾಡುವುದರಿಂದ ಚರ್ಚೆಯ ಮೊದಲ ಮಾತೂ ಕೊನೆಯ ಮಾತೂ ಪರ ಪಕ್ಷದ್ದೇ ಆಗಿರುತ್ತದೆ.

◆ ಒಬ್ಬರು ಮಾತಾಡುತ್ತಿರುವಾಗಲೇ ಎದುರು ಪಕ್ಷದವರು ಎದ್ದು ನಿಂತು ಪ್ರಶ್ನೆ ಕೇಳಬಹುದು! ಮೊದಲ ನಿಮಿಷ ಮುಗಿದಾಗ ಬೆಲ್ ಹೊಡೆಯುತ್ತದೆ. ಅಲ್ಲಿಂದ ಏಳನೆಯ ನಿಮಿಷದ ಬೆಲ್ ಹೊಡೆಯುವವರೆಗೆ ಈ ಬಾಗಿಲು ತೆರೆದಿರುತ್ತದೆ. ಪ್ರಶ್ನೆ 15 ಸೆಕೆಂಡಿನೊಳಗೆ ಮುಗಿಯಬೇಕು. ಬೇಡ ಎನ್ನುವ ಹಕ್ಕು ಮಾತುಗಾರರಿಗಿದೆ, ಆದರೆ ಒಂದನ್ನೂ ತೆಗೆದುಕೊಳ್ಳದೆ ಹೋದರೆ ಅಂಕ ಇಳಿಯುತ್ತದೆ. ನನ್ನ ಮಟ್ಟಿಗೆ ಇಡೀ ಪಂದ್ಯದ ಜೀವ ಇರುವುದು ಈ ಒಂದು ನಿಯಮದಲ್ಲಿ. ಉರುಹೊಡೆದು ಬಂದ ಮಗು ನಾಲ್ಕನೆಯ ನಿಮಿಷದಲ್ಲಿ ಪ್ರಶ್ನೆ ಬಂದೊಡನೆ ತಬ್ಬಿಬ್ಬಾಗುತ್ತದೆ. ವಿಷಯವನ್ನು ಅರಗಿಸಿಕೊಂಡ ಮಗು ಅಲ್ಲೇ ಉತ್ತರ ಕೊಟ್ಟು ಮುಂದಕ್ಕೆ ಹೋಗುತ್ತದೆ. ಕೇಳುವವರ ಕಷ್ಟವೂ ಕಡಿಮೆಯದಲ್ಲ. ಎದುರಾಳಿಯ ಒಂದೊಂದು ವಾಕ್ಯಕ್ಕೂ ಕಿವಿಗೊಟ್ಟು ಕೂತವರಿಗೆ ಮಾತ್ರ ಒಳ್ಳೆಯ ಪ್ರಶ್ನೆ ಹೊಳೆಯುತ್ತದೆ.

◆ ಕೆಲವು ಸುತ್ತುಗಳ ವಿಷಯ ಮುಂಚಿತವಾಗಿ ತಿಳಿದಿರುತ್ತದೆ. ಉಳಿದ ಸುತ್ತುಗಳಲ್ಲಿ ವಿಷಯ ಕೈಗೆ ಸಿಕ್ಕ ಮೇಲೆ ಸಿಗುವುದು ಒಂದೇ ಗಂಟೆ. ಇಂಟರ್‌ನೆಟ್ ಇಲ್ಲ, ತರಬೇತುದಾರರ ನೆರವೂ ಇಲ್ಲ.

◆ ಒಬ್ಬೊಬ್ಬ ಮಾತುಗಾರರಿಗೂ 60ರಿಂದ 80ರೊಳಗೆ ಅಂಕ. ಅದರಲ್ಲಿ ಹುರುಳಿಗೆ ಶೇ 40, ಹೇಳುವ ರೀತಿಗೆ ಶೇ 40, ತಂತ್ರಕ್ಕೆ ಶೇ 20. ಎದುರಾಳಿಯ ಮುಖ್ಯ ವಾದವನ್ನು ಗುರುತಿಸಿದರೇ, ಇರುವ ಹೊತ್ತನ್ನು ಸರಿಯಾಗಿ ಹಂಚಿಕೊಂಡರೇ ಎಂಬುದೆಲ್ಲ ತಂತ್ರದ ಲೆಕ್ಕಕ್ಕೆ ಬರುತ್ತದೆ. ತೀರ್ಪುಗಾರರು ತಮ್ಮ ತಮ್ಮ ಅಂಕಪಟ್ಟಿ ಬರೆದು ಮುಗಿಸುವವರೆಗೆ ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ. ಬಹುಮತ ಯಾರ ಕಡೆಗೋ ಗೆಲುವೂ ಅವರ ಕಡೆಗೆ.

◆ ಜಯನಗರ 4ನೇ ಟಿ ಬ್ಲಾಕಿನಲ್ಲಿ ಒಂದು ಕೇಂದ್ರೀಯ ವಿದ್ಯಾಲಯವಿದೆ. ಅಂಥ ಶಾಲೆಗಳ ಮಕ್ಕಳಿಗೆ ರಾಷ್ಟ್ರಮಟ್ಟದ ಇನ್ನೊಂದು ದಾರಿ ಉಂಟು: ಯುವ ಸಂಸತ್ ಸ್ಪರ್ಧೆ. 1962ರಲ್ಲಿ ಮುಂಬೈಯಲ್ಲಿ ಸೇರಿದ್ದ ಅಖಿಲ ಭಾರತ ಸಚೇತಕರ ಸಮ್ಮೇಳನ ಇದನ್ನು ಶಿಫಾರಸು ಮಾಡಿತು. 1966–67ರಲ್ಲಿ ದೆಹಲಿಯ ಶಾಲೆಗಳಲ್ಲಿ ಆರಂಭವಾಗಿ, 1988ರಲ್ಲಿ ಕೇಂದ್ರೀಯ ವಿದ್ಯಾಲಯಗಳಿಗೂ 1997–98ರಲ್ಲಿ ನವೋದಯ ಶಾಲೆಗಳಿಗೂ ಬಂತು. ಐವತ್ತಕ್ಕೂ ಹೆಚ್ಚು ಮಕ್ಕಳು ಸಭಾಧ್ಯಕ್ಷರು, ಪ್ರಧಾನಿ, ವಿರೋಧ ಪಕ್ಷದ ನಾಯಕರು, ಮಂತ್ರಿಗಳಾಗಿ ಸುಮಾರು ಒಂದು ಗಂಟೆಯ ಕಲಾಪ ನಡೆಸುತ್ತಾರೆ. ಪ್ರಶ್ನೋತ್ತರ ವೇಳೆ ಇದೆ, ಪೂರಕ ಪ್ರಶ್ನೆ ಇದೆ. ಶಿಸ್ತಿಗೂ ಸಭಾಮರ್ಯಾದೆಗೂ ಪ್ರತ್ಯೇಕ ಅಂಕ! ಪ್ರದೇಶ, ವಲಯ ದಾಟಿ ಗೆದ್ದ ಶಾಲೆ ರಾಷ್ಟ್ರಮಟ್ಟಕ್ಕೆ ಹೋಗುತ್ತದೆ.

◆ ಅಮೆರಿಕದ ಹೈಸ್ಕೂಲು ಚರ್ಚಾ ಸಂಘಕ್ಕೆ 2025ಕ್ಕೆ ನೂರು ತುಂಬಿತು. ವಿಸ್ಕಾನ್ಸಿನ್ ರಾಜ್ಯದ ರಿಪನ್ ಕಾಲೇಜಿನ ಬ್ರೂನೊ ಜೇಕಬ್ 1925ರಲ್ಲಿ ಕಟ್ಟಿದ ಸಂಸ್ಥೆ ಅದು. ಮೊದಲ ರಾಷ್ಟ್ರೀಯ ಪಂದ್ಯಾವಳಿ ಅದೇ ರಿಪನ್ನಿನಲ್ಲಿ 1931ರಲ್ಲಿ ನಡೆಯಿತು. ಜಿಲ್ಲಾ ಹಂತದಲ್ಲಿ ಅರ್ಹತೆ ಪಡೆದ ಮಕ್ಕಳು ಪ್ರತಿ ಜೂನಿನಲ್ಲಿ ಒಂದೂರಿನಲ್ಲಿ ಸೇರುತ್ತಾರೆ. ಅಲ್ಲಿನ ಒಂದು ಬಗೆಯ ಚರ್ಚೆಯಲ್ಲಿ ಮೊದಲು ನಾಣ್ಯ ಚಿಮ್ಮುತ್ತಾರೆ. ಗೆದ್ದ ತಂಡ ಯಾವ ಪಕ್ಷ ಬೇಕೆಂದು ಆರಿಸಬಹುದು, ಇಲ್ಲವೇ ಮೊದಲು ಮಾತಾಡುವುದೋ ಆಮೇಲೋ ಎಂಬುದನ್ನು ಆರಿಸಬಹುದು. ಹೀಗಾಗಿ ಎರಡೂ ಪಕ್ಷಕ್ಕೆ ತಯಾರಾಗದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಬೆಳಗ್ಗೆ ಪರವಾಗಿ ವಾದಿಸಿದ ವಿಷಯವನ್ನೇ ಮಧ್ಯಾಹ್ನ ವಿರೋಧಿಸಬೇಕಾಗಬಹುದು. ಬನಶಂಕರಿಯ ಎಷ್ಟೋ ಅಜ್ಜ ಅಜ್ಜಿಯರ ಮೊಮ್ಮಕ್ಕಳು ಈಗ ಆ ದೇಶದ ಶಾಲೆಗಳಲ್ಲಿದ್ದಾರೆ. ಮುಂದಿನ ಸಲ ಫೋನಿನಲ್ಲಿ ಕೇಳಿ ನೋಡಿ.

◆ ಅಲ್ಲಿ ಸೋತವರಿಗೂ ಅಂಕ ಉಂಟು. ಒಂದು ಚರ್ಚೆ ಗೆದ್ದರೆ ಖಾತೆಗೆ 6, ಸೋತರೆ 3.

◆ ಆ ಪಂದ್ಯಾವಳಿಯ ಸ್ವಂತ ಭಾಷಣದ ವಿಭಾಗದಲ್ಲಿ ಹತ್ತು ನಿಮಿಷದ ಭಾಷಣವನ್ನು ವಿದ್ಯಾರ್ಥಿಯೇ ಬರೆದಿರಬೇಕು. ಬೇರೆಯವರ ಮಾತನ್ನು ಎತ್ತಿ ಹೇಳುವುದು 150 ಪದ ಮೀರುವಂತಿಲ್ಲ. ನಮ್ಮಲ್ಲಿ ಮೇಷ್ಟ್ರು ಅಥವಾ ಅಪ್ಪ ಅಮ್ಮ ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುವ ರೂಢಿ ಇನ್ನೂ ಬಲವಾಗಿದೆ. ಇದು ಮಕ್ಕಳಿಗೆ ಮಾಡುವ ಅನ್ಯಾಯ ಎಂದೇ ನನ್ನ ನಂಬಿಕೆ. ತೊದಲಿದರೂ ಅದು ಮಗುವಿನದೇ ವಾಕ್ಯವಾಗಿರಲಿ.

◆ ನಮ್ಮ ಆಶುಭಾಷಣಕ್ಕೆ ಅಲ್ಲೊಂದು ತಮ್ಮನಿದ್ದಾನೆ: ಮೂರು ಪ್ರಶ್ನೆ ಎತ್ತಿ, ಒಂದನ್ನು ಉಳಿಸಿಕೊಂಡು, 30 ನಿಮಿಷ ತಯಾರಾಗಿ, 7 ನಿಮಿಷ ಮಾತಾಡಬೇಕು. ವಿಷಯ ಆ ಹೊತ್ತಿನ ದೇಶ, ವಿದೇಶದ ವಿದ್ಯಮಾನ. ದಿನಪತ್ರಿಕೆ ಓದದವರಿಗೆ ಇಲ್ಲಿ ದಾರಿಯಿಲ್ಲ.

◆ ಚರ್ಚೆಗೆ ನಿಯಮ ಕಟ್ಟಿದವರಲ್ಲಿ ನಮ್ಮ ನೆಲದವರು ಬಹಳ ಹಿಂದಿನವರು. ನ್ಯಾಯಸೂತ್ರ ಮಾತಿನ ಮುಖಾಮುಖಿಯನ್ನು ಮೂರಾಗಿ ವಿಂಗಡಿಸುತ್ತದೆ. ಸತ್ಯ ತಿಳಿಯಲೆಂದು ನಡೆಸುವುದು ವಾದ, ಗೆಲ್ಲಲೆಂದೇ ಆಡುವುದು ಜಲ್ಪ, ತನ್ನದೊಂದು ಪಕ್ಷವನ್ನೂ ಹೂಡದೆ ಎದುರಿನವರದನ್ನು ಕೆಡವುವುದು ವಿತಂಡ. ಇಂಥಿಂಥ ತಪ್ಪು ಮಾಡಿದರೆ ಸೋತಂತೆ ಎಂದು 22 ನಿಗ್ರಹಸ್ಥಾನಗಳನ್ನೂ ಪಟ್ಟಿ ಮಾಡಿದೆ. ಪ್ರತಿಪಾದಿಸಿದ್ದನ್ನೇ ಕೈಬಿಡುವುದು ಒಂದು, ಹೇಳಿದ್ದನ್ನೇ ಹೇಳುವುದು ಇನ್ನೊಂದು, ಉತ್ತರ ತೋಚದೆ ಸುಮ್ಮನಾಗುವುದು ಮತ್ತೊಂದು. ಇಂದಿನ ತೀರ್ಪುಗಾರರು ಇದೇ ಪಟ್ಟಿ ಹಿಡಿದು ಕೂತರೂ ಕೆಲಸ ನಡೆಯುತ್ತದೆ.

◆ ಶ್ರವಣಬೆಳಗೊಳದಲ್ಲಿ 1129ರ ಒಂದು ಶಾಸನವಿದೆ, ಮಲ್ಲಿಷೇಣ ಪ್ರಶಸ್ತಿ. ಜೈನ ಆಚಾರ್ಯ ಸಮಂತಭದ್ರರು ಪಾಟಲಿಪುತ್ರ, ಮಾಳವ, ಕಂಚಿ ಮುಂತಾದೆಡೆ ವಾದಕ್ಕೆ ಭೇರಿ ಬಾರಿಸಿ, ಕರಹಾಟಕಕ್ಕೆ ಬಂದರೆಂದು ಅದು ಹೇಳುತ್ತದೆ. ಊರಿಗೆ ಬಂದು ಭೇರಿ ಬಾರಿಸಿದರೆ ಚರ್ಚೆಗೆ ಆಹ್ವಾನ ಕೊಟ್ಟಂತೆ.

◆ ಕರಾವಳಿ, ಕಾಸರಗೋಡಿನ ತಾಳಮದ್ದಳೆ ನೋಡಿದ್ದೀರಾ? ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿಗಳು ಕೂತಲ್ಲಿಯೇ ಮಾತಿಗೆ ಇಳಿಯುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ವಾಲಿ ವಧೆಯಲ್ಲಿ ಬಾಣ ತಿಂದು ಬಿದ್ದ ವಾಲಿ ರಾಮನನ್ನು ನೇರ ಪ್ರಶ್ನೆಗೆ ನಿಲ್ಲಿಸುತ್ತಾನೆ, ರಾಮ ಉತ್ತರಿಸಲೇಬೇಕು. ಈ ರಾತ್ರಿ ವಾಲಿಯ ಪರ ಮಾತಾಡಿದವರೇ ಮುಂದಿನ ಕೂಟದಲ್ಲಿ ರಾಮನ ಅರ್ಥ ಹೇಳಬಹುದು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಕಲೆಯ ದಿಗ್ಗಜರಲ್ಲಿ ಒಬ್ಬರು. ಎರಡೂ ಪಕ್ಷದ ಒಳಹೊಕ್ಕು ಮಾತಾಡುವುದನ್ನು ಕನ್ನಡದ ಮಕ್ಕಳು ಹೊರದೇಶದ ಪುಸ್ತಕ ನೋಡಿಯೇ ಕಲಿಯಬೇಕಾಗಿಲ್ಲ.

◆ ಡಿ.ವಿ.ಜಿ. ಅವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇರುವುದು ಬುಲ್ ಟೆಂಪಲ್ ರಸ್ತೆಯಲ್ಲಿ. ಪ್ರಜೆಗಳು ರಾಜ್ಯದ ವಿಚಾರವನ್ನು ಓದಿ, ಕೂತು ಚರ್ಚಿಸಬೇಕೆಂಬುದು ಅದರ ಉದ್ದೇಶ. ಹತ್ತಿರದಲ್ಲೇ ನ್ಯಾಷನಲ್ ಕಾಲೇಜು, ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದ್ದು ಅಲ್ಲೇ. ಬನಶಂಕರಿಯಲ್ಲಿ ಮೆಟ್ರೊ ಹತ್ತಿದರೆ ಆ ಕಾಲೇಜಿನ ಹೆಸರಿನ ನಿಲ್ದಾಣದಲ್ಲೇ ಇಳಿಯಬಹುದು. ಚರ್ಚೆ ಕಲಿಯುವ ಮಗುವನ್ನು ಒಮ್ಮೆ ಇಂಥ ಕಡೆ ನಡೆಯುವ ಉಪನ್ಯಾಸಕ್ಕೆ ಕರೆದೊಯ್ಯಿರಿ.

◆ ಇನ್ನು ನಮ್ಮ ಪ್ರತಿಭಾ ಕಾರಂಜಿ. ಕನ್ನಡದಲ್ಲಿ ಚರ್ಚಿಸುವ ಹೈಸ್ಕೂಲು ಮಗುವಿಗೆ ಸರ್ಕಾರ ಕಟ್ಟಿಕೊಟ್ಟ ಏಣಿ ಇದು: ಮೊದಲು ಕ್ಲಸ್ಟರ್, ಆಮೇಲೆ ತಾಲ್ಲೂಕು, ಜಿಲ್ಲೆ, ಕೊನೆಗೆ ರಾಜ್ಯ. ಬೆಂಗಳೂರು ದಕ್ಷಿಣ ಶೈಕ್ಷಣಿಕ ಜಿಲ್ಲೆಯಲ್ಲಿ ತಾಲ್ಲೂಕಿನ ಜಾಗದಲ್ಲಿ ದಕ್ಷಿಣ–1ರಿಂದ ದಕ್ಷಿಣ–4ರವರೆಗೆ ವಲಯಗಳಿವೆ, ಜೊತೆಗೆ ಆನೇಕಲ್. ಹಾಡು, ನೃತ್ಯ, ಚಿತ್ರಕಲೆಗಳಿಗಾದರೆ 2015ರಿಂದ ಕೇಂದ್ರದ ಕಲಾ ಉತ್ಸವವಿದೆ. ಚರ್ಚೆಯಲ್ಲಿ ರಾಜ್ಯಕ್ಕೇ ಮೊದಲು ಬಂದ ಮಗುವಿಗೆ ಅದರಲ್ಲಿ ಜಾಗವಿಲ್ಲ.

ಎತ್ತರದ ಮೆಟ್ಟಿಲನ್ನು ಸರ್ಕಾರವೇ ಕಟ್ಟಬೇಕು. ಕೆಳಗಿನ ಮೆಟ್ಟಿಲನ್ನು ಗಟ್ಟಿ ಮಾಡುವುದು ಮಾತ್ರ ಪ್ರತಿ ಶಾಲೆಯ ಕೈಯಲ್ಲಿದೆ. ಬಿ.ಟಿ.ಎಂ. ಬಡಾವಣೆಯ ಸರ್ಕಾರಿ ಪ್ರೌಢಶಾಲೆಯಲ್ಲೂ ಶನಿವಾರ ಒಂದು ಪೀರಿಯಡ್ ಬಿಟ್ಟುಕೊಟ್ಟರೆ ಸಾಕು: ವಿಷಯಕ್ಕೆ ಚೀಟಿ, ಪಕ್ಷಕ್ಕೆ ನಾಣ್ಯ, ಮಾತಿನ ನಡುವೆ ಎದುರಾಳಿಗೆ 15 ಸೆಕೆಂಡಿನ ಪ್ರಶ್ನೆ. ಮೊದಲ ವಿಷಯವಾಗಿ ಶಾಲೆಯ ಪಕ್ಕದ ರಸ್ತೆಯನ್ನೇ ತೆಗೆದುಕೊಳ್ಳಲಿ, ಅಲ್ಲಿ ವಾಹನ ನಿಲ್ಲಿಸುವುದನ್ನು ನಿಷೇಧಿಸಬೇಕೇ ಬೇಡವೇ ಎಂದು.