ಟುಡುಂಗಿನ ಅಂಚಿಗೆ ಧಾರವಾಡದ ಗವಂತಿ

"ಏನಾದರೂ ಬರೆಯಿರಿ" ಎಂದು ಸಂಪಾದಕರು ಮೂರು ಸಂಚಿಕೆಗಳಿಂದ ನನ್ನ ಬೆನ್ನು ಹತ್ತಿದ್ದಾರೆ. ಸಿಂಗಪುರದ ನಮ್ಮ ಬ್ಲಾಕಿನಲ್ಲೇ ನಡೆದ ಸಂಗತಿಯೊಂದನ್ನು ಹೇಳಿಬಿಡುತ್ತೇನೆ.

ಪಕ್ಕದ ಮನೆಯ ಮಲಯ್ ಹೆಂಗಸು ಟುಡುಂಗ್, ಅಂದರೆ ತಲೆವಸ್ತ್ರ, ಮಾರುತ್ತಾರೆ. ಜೊತೆಗೆ ಬೆಡಾಕ್ ಸೆಜುಕ್ ಕೂಡ: ಅಕ್ಕಿಯನ್ನು ದಿನಗಟ್ಟಲೆ ನೆನೆಹಾಕಿ, ಅರೆದು, ಹನಿಹನಿಯಾಗಿ ಬಿಟ್ಟು ಒಣಗಿಸಿದ ತಂಪಿನ ಮುಖದ ಪುಡಿ. ನಾನು ಅವರನ್ನು 'ಕಾಕ್' ಎನ್ನುತ್ತೇನೆ. ನಮ್ಮ ಅಕ್ಕ ಇದ್ದ ಹಾಗೆ. ಸಂಕ್ರಾಂತಿಗೆ ಕುಸುರೆಳ್ಳು ಕೊಡಲು ಹೋದಾಗ ನನ್ನ ಚಂದ್ರಕಾಳಿ ಸೀರೆಯ ಕಸೂತಿಯನ್ನು ಬೆರಳಿಂದ ಮುಟ್ಟಿ ನೋಡಿ, "ಇದನ್ನೇ ನನ್ನ ಟುಡುಂಗಿಗೂ ಪುಡಿ ಡಬ್ಬಿಯ ಮುಚ್ಚಳಕ್ಕೂ ಬರೆದುಕೊಡು" ಎಂದರು.

ಡಬ್ಬಿಯ ಮಾತು ನನಗೆ ಹೊಸದೆನಿಸಲಿಲ್ಲ. 1918ರಿಂದ ಬಂದ ನಮ್ಮ ಮೈಸೂರು ಸ್ಯಾಂಡಲ್ ಸೋಪನ್ನೇ ನೋಡಿ. ಆನೆಯ ತಲೆ, ಸಿಂಹದ ಮೈಯ ಶರಭ. ಒಡವೆ ಪೆಟ್ಟಿಗೆಯಂಥ ಹೂಬಳ್ಳಿಯ ರಟ್ಟು. ಸೋಪು ಸವೆದ ಮೇಲೂ ನಮ್ಮವ್ವ ಆ ಡಬ್ಬಿಯನ್ನು ಸೀರೆಯ ಮಡಿಕೆಯಲ್ಲಿಡುತ್ತಿದ್ದಳು.

ಕಷ್ಟ ಬಂದದ್ದು ಟುಡುಂಗಿಗೆ. ಕಸೂತಿಯಲ್ಲಿ ಏನಿದೆ? ಗೋಪುರ, ತೇರು, ತುಳಸಿ ಕಟ್ಟೆ, ಆನೆ, ನವಿಲು, ಗಿಳಿ. ಅದನ್ನು ಧರಿಸಿ ನಮಾಜು ಮಾಡುವವರಿಗೆ ಪ್ರಾಣಿ ಪಕ್ಷಿ ಬೇಡ ಎಂದರು ಕಾಕ್. ಸರಿ. ಗೋಪುರ? ಅವರ ಮಗಳು ಹೇಳಿದಳು: "ಮೇಲಿನ ಕಳಶ ತೆಗೆದುಬಿಡಿ ಆಂಟಿ, ಬರೀ ತ್ರಿಕೋನ, ಯಾರಿಗೂ ಗೊತ್ತಾಗೋದಿಲ್ಲ."

ಅದೇ ನನಗೆ ಹಿಡಿಸಲಿಲ್ಲ. ಕೊಳ್ಳುವವಳಿಗೆ ಗೊತ್ತಿಲ್ಲದಂತೆ ಗುಡಿಯನ್ನು ಅವಳ ತಲೆಗೇರಿಸುವುದು ಅವಳಿಗೂ ಮೋಸ, ಗುಡಿಗೂ ಮೋಸ. ಎರಡು ದಿನ ಮಾತೇ ಮುಂದೆ ಹೋಗಲಿಲ್ಲ. ಮೂರನೆಯ ದಿನ ಕಾಕ್ ತಮ್ಮ ಮದುವೆಯ ಸೊಂಗ್ಕೆಟ್ ಬಟ್ಟೆ ತಂದು ಹಾಸಿದರು. ಅದರ ಅಂಚಿನಲ್ಲಿ ಸಾಲು ತ್ರಿಕೋನ: 'ಪುಚುಕ್ ರೆಬುಂಗ್', ಬಿದಿರಿನ ಕಳಲೆ! ನಮ್ಮ ಗೋಪುರದ ಜಾಗಕ್ಕೆ ಅವರದೇ ಕಳಲೆ ಬಂತು. ಅದನ್ನು ಗವಂತಿಯ ಗೆರೆಯಲ್ಲಿ ಬರೆದೆ; ನಡುವೆ ನಮ್ಮ ಕಮಲ, ಬಳ್ಳಿ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ಚೌಕದ ಹಾಳೆಯಲ್ಲಿ ಒಂದು ಮನೆಗೆ ಒಂದು ಹೊಲಿಗೆಯೆಂದು ಬರೆದರೆ ಸಾಕು, ಮುಚ್ಚಳದಷ್ಟು ಸಣ್ಣದಕ್ಕೂ ಹೊಂದುತ್ತದೆ. (ಮುರಗಿ, ನೇಗಿ, ಮೆಂತೆಯನ್ನು ಬಿಟ್ಟೆ. ನೇಗಿಯ ತುಂಬು ಹೊಲಿಗೆ ಸಣ್ಣ ಅಚ್ಚಿನಲ್ಲಿ ಮಸಿ ಚೆಲ್ಲಿದಂತೆ ಕಂಡಿತು.)

ಅಚ್ಚಾಗಿ ಬಂದಾಗ ಇನ್ನೊಂದು ಪೇಚು. ಟುಡುಂಗನ್ನು ಮಡಿಸಿ ಕಟ್ಟಿದರೆ ಗಲ್ಲದ ಕೆಳಗೆ ಬಟ್ಟೆಯ ಹಿಂಬದಿ ಕಾಣುತ್ತದೆ. ಅಲ್ಲಿ ಬಣ್ಣ ಬಿಳಿಚಿಕೊಂಡಿತ್ತು. ನನಗೆ ಅವ್ವನ ನೆನಪಾಯಿತು. ಹೊಲಿಗೆ ಮುಗಿಸಿ ತೋರಿಸಿದರೆ ಅವಳು ಮೊದಲು ತಿರುಗಿಸಿ ನೋಡುತ್ತಿದ್ದದ್ದು ಹಿಂಬದಿಯನ್ನೇ. "ಗಂಟು ಹಾಕಬ್ಯಾಡವಾ, ಹೋದ ದಾರೀಲೇ ದಾರ ತಿರುಗಿ ಬರಬೇಕು, ಹಿಂದ ಮುಂದ ಒಂದೇ ಕಾಣಬೇಕು." ಗವಂತಿಯ ಹೆಚ್ಚುಗಾರಿಕೆಯೇ ಅದು. ಯಂತ್ರದ ಅಚ್ಚಿಗೆ ಅದೆಲ್ಲಿ ಬಂದೀತು?

ಆದ್ದರಿಂದ ಚೀಟಿಯ ಮೇಲೆ 'ಕಸೂತಿ' ಎಂದು ಹಾಕಬೇಡಿ, 'ಕಸೂತಿ ನೋಡಿ ಬರೆದ ಅಚ್ಚು' ಎಂದು ಹಾಕಿ ಎಂದೆ. ಮಾರಾಟಕ್ಕೆ ಉದ್ದವಾಯಿತು ಎಂದು ಕಾಕ್ ಗೊಣಗಿದರು, ಆದರೂ ಹಾಕಿಸಿದರು. ಗಲ್ಲದ ಕೆಳಗೆ ಬರುವ ಮೂಲೆಯಲ್ಲಿ ಮಾತ್ರ ಒಂದೊಂದು ಕಳಲೆಯನ್ನು ನಾನೇ ಸೂಜಿಯಿಂದ ಹಾಕುತ್ತಿದ್ದೇನೆ. ವಾರಕ್ಕೆ ನಾಲ್ಕಾಗುತ್ತವೆ, ಕನ್ನಡಕ ಸಹಕರಿಸಿದರೆ ಐದು. ಗವಂತಿ ಬಲ್ಲ ಸದಸ್ಯೆಯರು ಯಾರಾದರೂ ಇದ್ದರೆ ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಬನ್ನಿ. ಸೂಜಿ, ದಾರ, ಚಹಾ ನನ್ನದು.